ಕೊನೆಯವಳ ಹಿಂದೆ

ಓಡುವವರ ಹಿಂದೆ ಓಡುವುದು ನನ್ನ ಕೆಲಸ.
ಗೆಲ್ಲಲಿಕ್ಕಲ್ಲ, ಕೀಳಲಿಕ್ಕೆ:
ದಾರಿಯುದ್ದ ನೆಟ್ಟ ಕೆಂಪು ಬಾವುಟಗಳನ್ನು
ಕೊನೆಯವರು ದಾಟಿದ ಮೇಲೆ, ಒಂದೊಂದಾಗಿ.
ನಲವತ್ತನಾಲ್ಕು ಎಂದು ಬರೆದು
ಸಹಿ ಹಾಕಿಸಿಕೊಂಡಿದ್ದಾರೆ.

ಜನವರಿ. ವೇಲ್ಸಿನ ನಡುಬೆಟ್ಟ.
ಬೆಳಗ್ಗೆ ಊರಿನ ಸಭಾಮನೆಯಲ್ಲಿ
ಸೀಟಿ, ದಿಕ್ಸೂಚಿ, ನಕಾಶೆ, ಮಳೆಯಂಗಿ
ತೋರಿಸಿದವರಿಗಷ್ಟೇ ನಂಬರು.
ನೂರಾ ಹದಿನೇಳು ಎಲುನೆಡ್‌ಗೆ,
ಕಣಿವೆಯ ಕಾಗದಗಳನ್ನೆಲ್ಲ ಮನೆಮನೆಗೆ ಹಂಚುವವಳು,
ಐವತ್ತೆಂಟು ವರ್ಷ, ಎಡಮಂಡಿಗೆ ಪಟ್ಟಿ.
“ನಿನ್ನನ್ನು ಹೆಚ್ಚು ಕಾಯಿಸಲ್ಲ ಗೆಥಿನ್,” ಅಂದಳು.
ಪ್ರತಿವರ್ಷ ಅನ್ನುತ್ತಾಳೆ.

ಮೊದಲ ಏರಿನಲ್ಲೇ ಮುಂದಿನವರು ಮೋಡದೊಳಗೆ ಹೋದರು.
ಇಲ್ಲಿ ಗಾಳಿ ಬೀಸುವುದಿಲ್ಲ, ನೂಕುತ್ತದೆ,
ಬಾಕಿ ವಸೂಲಿಗೆ ಬಂದವನ ಹಾಗೆ ಎದೆಗೆ ಕೈಯಿಟ್ಟು.
ಆಲಿಕಲ್ಲು ಅಡ್ಡಡ್ಡ ಬಂದು
ಒಂದೇ ಕೆನ್ನೆಗೆ ಹೊಡೆಯುತ್ತದೆ;
ಇನ್ನೊಂದು ಕೆನ್ನೆ ಯಾರದೋ ಅನ್ನಿಸುತ್ತದೆ.
ಕಾಲಡಿ ಕಪ್ಪು ಜೌಗು,
ಮೇಲೆ ಹಪ್ಪಳದಷ್ಟು ತೆಳು ಮಂಜುಗಡ್ಡೆ,
ಚಟ್ಟೆಂದು ಮುರಿದು ಮೊಣಕಾಲತನಕ ನುಂಗಿ
ಬೂಟನ್ನು ಚೀಪಿ ಚೀಪಿ ವಾಪಸು ಕೊಡುತ್ತದೆ.
ಏರು, ಇಳಿವು, ಮತ್ತೆ ಏರು.
ತುದಿ ಅಂದುಕೊಂಡದ್ದು ತುದಿಯಲ್ಲ,
ಹಿಂದೆ ಇನ್ನೊಂದು ನಿಂತಿದೆ, ನಗದೆ.

ಹದಿನೆಂಟು ಮೈಲಿ ಅವಳ ಬೆನ್ನನ್ನೇ ಓದುತ್ತ ಬಂದೆ.
ಎಡಗಾಲು ಎಳೆಯುವುದು, ಬಲಗೈ ಅದಕ್ಕೆ ಸಮಾಧಾನ ಹೇಳುವುದು.
ಇಪ್ಪತ್ತನೆಯ ಮೈಲಿಯ ಗೇಟು ಎರಡು ಗಂಟೆಗೆ ಮುಚ್ಚುತ್ತದೆ.
ಸಮಯವಿತ್ತು. ಇದ್ದೇ ಇತ್ತು.

ಮೂರನೆಯ ಕಲ್ಲುಗೋಡೆಯ ಮಗ್ಗುಲಲ್ಲಿ
ಅಂಗಾತ ಬಿದ್ದಿತ್ತು ಒಂದು ಹೆಣ್ಣುಕುರಿ,
ಬಸುರಿ, ನಾಲ್ಕೂ ಕಾಲು ಆಕಾಶಕ್ಕೆ.
ಮುಂದೆ ಹೋದವರು ಕಂಡಿರಲಿಕ್ಕಿಲ್ಲ;
ಮಂಜಿನಲ್ಲಿ ಕುರಿಯೂ ಒಂದು ಕಲ್ಲು.
ಕಾಗೆಗೆ ಮಾತ್ರ ಕಂಡಿತ್ತು.
ಗೋಡೆಯ ಮೇಲೆ ಕೂತು ಕಾಯುತ್ತಿತ್ತು,
ಕಣ್ಣಿನಿಂದ ಶುರು ಮಾಡಲು.

ಎಲುನೆಡ್ ಕೈಚೀಲ ಕಳಚಿ, ಹಲ್ಲಲ್ಲಿ ಕಚ್ಚಿ,
ಉಣ್ಣೆಗೆ ಬೆರಳು ಹೂತು, ಒಂದೇ ಹೊರಳು.
ಎದ್ದ ಕುರಿ ಕುಡಿದವನಂತೆ ವಾಲಿತು.
ಬಿಟ್ಟರೆ ಮತ್ತೆ ಬೀಳುತ್ತದೆ.
ತೊಡೆಗಳ ನಡುವೆ ಅವುಚಿ ನಿಂತಳು,
ಹೊಟ್ಟೆಯ ಗಾಳಿ ಇಳಿಯಲಿ, ಕಾಲಿಗೆ ರಕ್ತ ಬರಲಿ ಅಂತ.
ಮಣಿಕಟ್ಟಿನಲ್ಲಿ ಗಡಿಯಾರ ಕೀಂ ಅಂದಿತು.
ಅವಳು ನೋಡಲಿಲ್ಲ. ನಾನು ನೋಡಿದೆ.
ಹನ್ನೊಂದು ನಿಮಿಷ.
ಓಟಗಾರರಿಗೆ ನಾನು ನೆರವಾಗಬಾರದು, ನಿಯಮ.
ಗಾಳಿಗೆ ಅಡ್ಡ ನಿಂತೆ. ಅದಕ್ಕೆ ನಿಯಮವಿಲ್ಲ.

ಗೇಟಿನ ಹತ್ತಿರ ಜೀಪು, ಜೀಪಿನೊಳಗೆ ಮೆರೆರಿದ್,
ಪಟ್ಟಿ ಹಿಡಿದು, ಮೂಗು ಕೆಂಪಾಗಿ.
“ನಾಲ್ಕು ನಿಮಿಷ, ಎಲುನೆಡ್. ನಾಲ್ಕೇ ನಿಮಿಷ.”
ನಾನು ಬಾಯಿ ತೆರೆದೆ.
ಅವಳು ನನ್ನ ಬೂಟು ತುಳಿದಳು, ಜೋರಾಗಿ,
ಜೀಪು ಹತ್ತಿ ಬಾಗಿಲೆಳೆದುಕೊಂಡಳು.

ಉಳಿದ ಆರು ಮೈಲಿ ನಾನೊಬ್ಬನೇ.
ಹಿಂದೆ ಹೋಗಲು ಯಾರೂ ಇಲ್ಲದ ಹಿಂದಿನವನು.
ಹಿಮ ಈಗ ಮೆತ್ತಗೆ, ಒಳ್ಳೆಯವನಂತೆ, ಇಳಿಯತೊಡಗಿತ್ತು.

ಸಭಾಮನೆಯಲ್ಲಿ ದೀಪ, ಒದ್ದೆ ಸಾಕ್ಸಿನ ವಾಸನೆ,
ಆಲೂಗಡ್ಡೆ ಸೂಪಿನ ಹಬೆ.
ಕಂಬಳಿಯೊಳಗಿಂದ ಎಲುನೆಡ್ ಬಟ್ಟಲಿಗೆ ಕೈ ಚಾಚಿದಳು.
ಬಡಿಸುತ್ತಿದ್ದ ಮುದುಕ ಇದ್ವಾಲ್
ಅವಳ ಅಂಗೈ ನೋಡಿದ. ನೀಲಿ.
ಅವನ ಕುರಿಗಳ ಬೆನ್ನಿನ ಗುರುತಿನ ನೀಲಿ.
“ಯಾವ ಗೋಡೆ?”
“ಮೂರನೆಯದು.”
“ಎದ್ದಳಾ?”
“ಎದ್ದಳು.”
“ಅಲ್ಲೊಂದು ಬಾವುಟ ಇದೆ,” ಅಂದೆ ನಾನು.
ಸೌಟನ್ನು ಪಾತ್ರೆಯಲ್ಲೇ ಬಿಟ್ಟು
ಅವನು ಕೋಟು ಹುಡುಕಿದ, ಬ್ಯಾಟರಿ ಹುಡುಕಿದ.

ಗೋಡೆಗೆ ಅಂಟಿಸಿದ ಹಾಳೆಯಲ್ಲಿ
ನೂರಾ ಹದಿನೇಳರ ಎದುರು: ಮುಗಿಸಲಿಲ್ಲ.
ನನ್ನ ಹಾಳೆಯಲ್ಲಿ: ಕೊಟ್ಟದ್ದು ನಲವತ್ತನಾಲ್ಕು,
ತಂದದ್ದು ನಲವತ್ತಮೂರು.
ಕಾರಣ ಬರೆಯಬೇಕಂತೆ.
ಗಾಳಿ ಒಯ್ದಿತು, ಎಂದು ಬರೆದೆ.