ಮೇಲೆ ಏನೂ ಆಗಿಲ್ಲ

ಬೈನಾ ಸ್ಟಾಪಿನಲ್ಲಿ, ಬಸ್ಸು ನಿಂತೂ ನಿಲ್ಲದ ಹೊತ್ತಿನಲ್ಲಿ
ಹೆಗಲ ಚೀಲದ ಪಟ್ಟಿ ಕಿತ್ತಿತು.
ಸದ್ದೇನೂ ಅಂಥ ದೊಡ್ಡದಲ್ಲ,
ಕೊಣಮಿಗೆಯಲ್ಲಿ ಹಿಟ್ಟಿನ ಮುದ್ದೆ ಬಿದ್ದಷ್ಟು.
ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು.

ಅಲ್ಲೇ ಕುಕ್ಕರಗಾಲಲ್ಲಿ ಕೂತು ತೆಗೆದು ನೋಡಿದೆ.
ಮೂಲೆ ಚಪ್ಪಟೆಯಾಗಿಲ್ಲ, ಗಾಜು ಒಡೆದಿಲ್ಲ,
ಮುಚ್ಚಳ ಎತ್ತಿದರೆ ಬೆಳಕು ಬಂತು.
ಎಲ್ಲಿ ಪೆಟ್ಟಾಯ್ತೋ, ಎಂದು ಮಗುವನ್ನು ಕೇಳುವಂತೆ ಕೇಳಿದೆ.
ಅದು ಎಂದಿನಂತೆ
ಪಾಸ್‌ವರ್ಡ್ ಕೇಳಿತು.

ಹಳೇ ಮಾಲು. ಹನ್ನೆರಡು ಕಂತಿನಲ್ಲಿ ಎಂಟು ಮುಗಿದಿವೆ.
ವಾಸ್ಕೋದ ಮಾಮಲೇದಾರ ಕಚೇರಿಯೆದುರು
ಝೆರಾಕ್ಸ್ ಅಂಗಡಿಯ ಕಟ್ಟೆ ಮೇಲೆ
ಒಂದು ಮಡಚುವ ಟೇಬಲ್ಲು, ಒಂದು ಛತ್ರಿ, ಇದು.
ರೇಷನ್ ಕಾರ್ಡು, ಜನನ ಪತ್ರ, ಆಧಾರಿನಲ್ಲಿ ತಪ್ಪಿಹೋದ ಅಪ್ಪನ ಹೆಸರು.
ಗದಗ ಸಿಂದಗಿ ಹುನಗುಂದದ ಮಂದಿಗೆಲ್ಲ
ನಾನು ಅರ್ಜಿ ಬರೆಯುವ ಅಕ್ಕ.

ಅದೇ ದಿನ ಸಂಕವ್ವ ಬಂದಳು.
ಗಂಡ ದ್ಯಾಮಣ್ಣ ಚಿಕಲಿಮ್ ಸೈಟಿನಲ್ಲಿ ಬಿದ್ದದ್ದು.
"ಎರಡನೇ ಮಾಳಗಿಯಿಂದ್ರೀ. ಎದ್ದು ಮೈ ಝಾಡಿಸಿಕೊಂಡು ಚಾ ಕುಡದಾರ,
ಸಂಜೀತನಕ ಇಟ್ಟಂಗಿ ಹೊತ್ತಾರ.
ನನ್ನ ಮುಂದ ಹೇಳೇ ಇಲ್ಲ.
ಮೂರನೇ ದಿನ ರಾತ್ರಿ, ಹೊಟ್ಟಿ ಬಿಗೀತೈತಿ ಅಂದ್ರು."
ನಸುಕಿಗೆ ಮುಗಿದಿತ್ತು.

ಗುತ್ತೇದಾರನ ಪತ್ರ ನಾಲ್ಕೇ ಸಾಲು:
ಬಿದ್ದ ಮೇಲೆ ಎರಡು ದಿನ ದುಡಿದಿದ್ದಾನೆ, ಪಗಾರ ತೆಗೆದುಕೊಂಡಿದ್ದಾನೆ,
ಸಾವಿಗೂ ಬಿದ್ದದ್ದಕ್ಕೂ ಸಂಬಂಧವಿಲ್ಲ.
ಅರ್ಜಿಯಲ್ಲೊಂದು ಕಾಲಂ, ಹೊರಗಾಯದ ವಿವರ.
ಇಲ್ಲ, ಎಂದು ಟೈಪು ಮಾಡಿದೆ.
ಅವಳ ಫೋನಿನಲ್ಲಿ ಒಂದೇ ಪುರಾವೆ, ಹಾಜರಿ ಪುಸ್ತಕದ ಪುಟ,
ಮುಕಾದಮನ ಕಣ್ಣು ತಪ್ಪಿಸಿ ತೆಗೆದ ಫೋಟೋ.
ಇಳಿಸಿಕೊಂಡೆ.
ಫೋನು ತುಂಬಿದೆ ಸಂಕವ್ವ, ಅಳಿಸಿಬಿಡು, ನನ್ನ ಹತ್ತಿರ ಇರ್ತದಲ್ಲ
ಅಂದೆ.
ಬೆಳಿಗ್ಗೆ ಬಿದ್ದದ್ದು ನೆನಪಿತ್ತು. ನೆನಪಿದ್ದೂ ಅಂದೆ.

ಮೂರನೆಯ ದಿನ ಮಧ್ಯಾಹ್ನ
ಪರದೆಯ ಮೇಲಿನ ಬಾಣ ನಿಂತಲ್ಲೇ ನಿಂತಿತು.
ಕಿವಿ ಹಚ್ಚಿದೆ: ಒಳಗೆ ಯಾರೋ ಅಕ್ಕಿ ಆರಿಸುತ್ತ
ಒಂದೊಂದೇ ಕಲ್ಲು ತಟ್ಟೆಗೆ ಹಾಕುತ್ತಿದ್ದಾರೆ.
ಟಿಕ್. ತಡೆದು,
ಟಿಕ್.

ಆಗ್ನೆಲ್ ಮೊದಲು ಬಂದ್ ಮಾಡಿದ, ಆಮೇಲೆ ಬೈದ.
ಬಿದ್ದ ದಿನವೇ ಯಾಕೆ ತರಲಿಲ್ಲ?
ನಡೀತಿತ್ತಲ್ಲ, ಅಂದೆ.
ಸ್ಕ್ರೂ ಬಿಚ್ಚುತ್ತ, ತನ್ನ ಕೊಂಕಣಿ ಹಿಂದಿಯಲ್ಲಿ, ತಲೆ ಎತ್ತದೆ:
ನಡೀತದೆ. ಒಳಗೆ ಮುಳ್ಳು ತಟ್ಟೆಗೆ ತಾಗಿದರೂ ನಡೀತದೆ.
ನಡೆದಷ್ಟೂ ಗೀಚ್ತದೆ.

ಒಂಬತ್ತು ದಿನ ಇಟ್ಟುಕೊಂಡು ಉಳಿದದ್ದು ಕೊಟ್ಟ.
ಯಾರದೋ ಲಗ್ನಪತ್ರಿಕೆ ಪೂರ್ತಿ ಬಂದಿದೆ. ಕರೆಂಟು ಬಿಲ್ಲುಗಳು ಬಂದಿವೆ.
ಹಾಜರಿ ಪುಟ ಅರ್ಧ.
ತಾರೀಖು ಇದೆ. ಮರಾಠಿ ಅಕ್ಷರದಲ್ಲಿ ನಾಲ್ಕು ಹೆಸರಿವೆ.
ಐದನೆಯದಕ್ಕೆ ಮೇಲಿನ ತಲೆಗೆರೆಯಷ್ಟೇ ಇದೆ,
ಕೆಳಗೆಲ್ಲ ಹಸಿ ಸಿಮೆಂಟಿನ ಬಣ್ಣ.
ದ್ಯಾಮಣ್ಣನೇ ಇರಬಹುದು.
ಬರೀ ಗೆರೆ ಯಾರ ಹೆಸರೂ ಹೇಳುವುದಿಲ್ಲ.

ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಜಿ ಮತ್ತೆ ಬರೆದೆ.
ಹೊರಗಾಯದ ಕಾಲಂ ಬಂದಾಗ ಬೆರಳು ತಡೆಯಿತು.
ಇಲ್ಲ ಎಂಬುದನ್ನು ಇಟ್ಟುಕೊಂಡೇ ಅದರ ಮುಂದೆ
ಆಗ್ನೆಲ್ ಅಂದದ್ದನ್ನು ಸರಕಾರಿ ಕನ್ನಡಕ್ಕೆ,
ಅಲ್ಲಿಂದ ಇಂಗ್ಲಿಷಿಗೆ ತಿರುಗಿಸಿದೆ.
ಕಾಲಂ ಸಾಲದೆ ಅಂಚಿಗೆ ಹರಿಯಿತು.

ಶನಿವಾರ ಸಂಕವ್ವ ಬಂದಳು. ಎಲ್ಲ ಹೇಳಿದೆ,
ಬೈನಾ ಸ್ಟಾಪಿನಿಂದ ಹಿಡಿದು.
ಅವಳು ಲ್ಯಾಪ್‌ಟಾಪನ್ನು ನೋಡಿದಳು,
ಅಂಗೈಯಿಂದ ಮುಚ್ಚಳ ಸವರಿದಳು.
ಕೂದಲೆಳೆಯಷ್ಟೂ ಗೀರಿಲ್ಲ.
"ಬಿದ್ದದ್ದನ್ನ ಅವತ್ತೇ ಹೇಳಾಕ
ಏನಾಗಿತ್ರೀ, ನಿಮಗೂ?"

ಸೆರಗಿನ ಗಂಟು ಬಿಚ್ಚಿ ಅರ್ಜಿಯ ಮೂವತ್ತು ರೂಪಾಯಿ ಹಿಡಿದಳು.
ಬೇಡ ಅಂದೆ.
ಛತ್ರಿಯ ಕಾಲ ಕೆಳಗೆ, ಗಾಳಿಗೆ ಹಾರದ ಹಾಗೆ, ಇಟ್ಟು ಹೋದಳು.