ಮುಂಗಡ

ಉದೋನ್ ಥಾನಿಯ ವಿಮಾನ ನೆಲೆಯ ಹಿಂದಿನ ಬೀದಿಯಲ್ಲಿ
ಈಗ ಉಳಿದಿರುವುದು ನಮ್ಮದೊಂದೇ ಅಂಗಡಿ.
ದೊಡ್ಡಮ್ಮ ಕಮ್‌ಪಿಯಾನಳ ಕಾಲುತುಳಿತದ ಹೊಲಿಗೆಯಂತ್ರ,
ಗೋಡೆಯುದ್ದಕ್ಕೂ ಗುಂಡುಪಿನ್ನಿಗೆ ಸಿಕ್ಕಿಕೊಂಡ
ಹುಲಿ, ತಲೆಬುರುಡೆ, ಮಿಂಚು, ಹಲ್ಲುಕಿರಿವ ಡ್ರ್ಯಾಗನ್ನು.

ಇಂಗ್ಲಿಷಿನ ಒಂದಕ್ಷರವೂ ಅವಳಿಗೆ ಬಾರದು.
ಅಂದು ಸಿಪಾಯಿಗಳು ಸಿಗರೇಟು ಪ್ಯಾಕಿನ ಬೆನ್ನಿಗೆ ಗೀಚಿಕೊಟ್ಟದ್ದನ್ನು
ಚಿತ್ರವೆಂದೇ ಬಗೆದು ಕಸೂತಿ ಹಾಕಿದಳು.
ಬೈಗುಳವೋ, ದೇವರ ಹೆಸರೋ,
ದಾರಕ್ಕೆ ಎರಡೂ ಒಂದೇ.
ಒಮ್ಮೆ ಒಂದಕ್ಷರ ಬೆನ್ನು ತಿರುಗಿಸಿ ಕೂತುಬಿಟ್ಟಿತ್ತು;
ಆ ತಪ್ಪಿಗೇ ಈಗ ಬೆಲೆ ಹೆಚ್ಚು.

ನೆಬ್ರಾಸ್ಕಾದ ಎಲ್ಡನ್ ಕ್ರೌಸ್ ಬಂದ,
ಜೇಬಿನಲ್ಲಿ ಭೂತಗನ್ನಡಿ, ನೇರಳೆ ದೀಪ.
ಹೊಸ ದಾರ ಆ ಬೆಳಕಿಗೆ ಹೊಳೆಯುತ್ತದಂತೆ,
ಹಳೆಯದು ಸುಮ್ಮನಿರುತ್ತದಂತೆ.
ಫೋನಿನಲ್ಲಿ ತನ್ನ ನೆಲಮಾಳಿಗೆ ತೋರಿಸಿದ:
ಗಾಜಿನ ಕಪಾಟಿನೊಳಗೆ ತಲೆಯಿಲ್ಲದ ಬೊಂಬೆಗಳು,
ಒಂದೊಂದಕ್ಕೂ ಒಂದೊಂದು ಯುದ್ಧದ ಅಂಗಿ.
ಕಾಲರಿನಲ್ಲಿ ಬೆವರಿನ ಉಪ್ಪು ಹಾಗೇ ಇದೆ,
ತೊಳೆಯಬಾರದು, ಎಂದ.
ತೊಳೆಯದ ಬಟ್ಟೆಗೆ ದೀಪ ಹಚ್ಚಿಡುವುದೇ, ಎಂದಳು ದೊಡ್ಡಮ್ಮ.
ಅದನ್ನು ನಾನು ಅವನಿಗೆ ದಾಟಿಸಲಿಲ್ಲ.

ಗೋಡೆಯ ಆನೆಗೆ ಬೆರಳಿಟ್ಟ: ಇದು ಅಸಲಿಯೋ?
ಲಾವೋಸಿನ ರಾಜಸೇನೆಯ ಐರಾವತ,
ಮೂರು ತಲೆ, ಮೇಲೊಂದು ಬೆಳ್ಗೊಡೆ.
ರಾಜ ಹೋದ, ಸೇನೆ ಹೋಯಿತು,
ಆನೆ ಮಾತ್ರ ಹೋದ ಮಂಗಳವಾರವಷ್ಟೇ ಹುಟ್ಟಿದ್ದು.
ಅಸಲಿಯೇ, ಎಂದಳು, ನಾನೇ ಹೊಲಿದದ್ದು.
ದೀಪ ಹಿಡಿದ. ಆನೆ ಹಬ್ಬದ ಹಾಗೆ ಬೆಳಗಿತು.
ನಕಲು, ಎಂದ, ತನಗೇ ಪೆಟ್ಟು ಬಿದ್ದವನಂತೆ.

ಅದೇ ಯಂತ್ರ, ಅದೇ ಕೈ,
ಮೂರನೆಯ ಸೊಂಡಿಲ ತಿರುವಿನಲ್ಲಿ
ಅದೇ ಉಸಿರು ಬಿಗಿಹಿಡಿಯುವ ಜಾಗ.
ನಕಲು ಯಾವುದು ಹಾಗಾದರೆ,
ನಡುವಿನ ಐವತ್ತನಾಲ್ಕು ವರ್ಷವೇ?

ರೋಷ ಬಂತೇನೋ,
ಮಂಚದಡಿಯಿಂದ ಬಿಸ್ಕತ್ತಿನ ಡಬ್ಬಿ ಎಳೆದಳು.
ಒಂದೇ ದಾರಕ್ಕೆ ಪೋಣಿಸಿದ ಆರು ಆನೆ,
ಐದು ಅಂಗೈಯಗಲ,
ಒಂದು ಬೆಂಕಿಪೊಟ್ಟಣದಷ್ಟು.
ನೇರಳೆ ಬೆಳಕಿಗೆ ಆರೂ ಕತ್ತಲು.
ಎಲ್ಡನ್ನನ ಕೈ ಸಣ್ಣಗೆ ನಡುಗಿತು.

ಹ್ಮಾಂಗ್ ಹುಡುಗ, ಹೆಸರು ಚೋಂಗ್ ನೆಂಗ್,
ಬೆಟ್ಟದಿಂದಿಳಿದು ವಿಮಾನ ಕಲಿಯಲು ಬಂದಿದ್ದ.
ಈ ಕುರ್ಚಿಯಲ್ಲಿ ಕೂತರೆ
ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.
ಸಣ್ಣದು ಆರು ವರ್ಷದ ತಮ್ಮನ ಅಂಗಿಗೆ, ಎಂದಿದ್ದ.
ಒಟ್ಟು ಅರವತ್ತು ಬಾತ್, ಕೈಗೆ ಮೂವತ್ತು,
ಮಿಕ್ಕದ್ದು ಶನಿವಾರ.

ಈ ಸಣ್ಣದು ಯಾರ ಬಳಿಯೂ ಇಲ್ಲ, ಎಂದ ಎಲ್ಡನ್,
ಯಾವ ಪಟ್ಟಿಯಲ್ಲೂ ಇಲ್ಲ. ಎಂಟುನೂರು ಡಾಲರು.
ನಾನು ಮನಸ್ಸಿನಲ್ಲೇ ಗುಣಿಸಿದೆ,
ಬಾತಿಗೆ, ಆಮೇಲೆ ತಗಡಿನ ಹಾಳೆಗಳಿಗೆ.
ದೊಡ್ಡಮ್ಮ ಎಂದಳು: ಇದು ಮಾರಿಹೋಗಿದೆ,
ಅರ್ಧ ದುಡ್ಡು ಬಂದಿದೆ.
ನಾನು ಎಂದೆ: ಇನ್ನೊಂಚೂರು ಏರಿಸಿ ಅನ್ನುತ್ತಾಳೆ.

ಸಾವಿರದ ಇನ್ನೂರು.
ಮಾರಿಹೋಗಿದೆ, ಎಂದಳು.
ಅಷ್ಟು ಹೊತ್ತು ಅವನ ಹತ್ತಿರ ಏನು ಮಾತಾಡಿದೆ ನೀನು, ಎಂದು
ಕನ್ನಡಕದ ಮೇಲಿಂದ ನನ್ನನ್ನೇ ನೋಡಿದಳು.

ಆ ಪೈಲಟ್ ಸತ್ತಿರುತ್ತಾನೆ, ಎಂದ ಎಲ್ಡನ್, ಮೆಲ್ಲಗೆ.
ಅವರಲ್ಲಿ ಉಳಿದವರು ಕಡಿಮೆ.
ಇದನ್ನು ಮಾತ್ರ ಇದ್ದ ಹಾಗೇ ಹೇಳಿದೆ.
ತಮ್ಮ ಇರಬಹುದಲ್ಲ.
ಇದ್ದರೂ ಅವನಿಗೀಗ ಅರವತ್ತು, ದೊಡ್ಡಮ್ಮಾ.
ಇರಲಿ, ಅಂಗಿ ದೊಡ್ಡದಾದರೇನು.

ಎಲ್ಡನ್ ದೀಪ ಆರಿಸಿದ.
ಚೌಕಾಸಿಯಿಲ್ಲದೆ ಇನ್ನೂರು ಬಾತ್ ಎಣಿಸಿ
ಮಂಗಳವಾರದ ಆನೆಯನ್ನೇ ಕೊಂಡ.
ರಸೀದಿಯ ಮೇಲೆ ಅವಳು ಇಂದಿನ ತಾರೀಕು ಬರೆದಳು,
ಪ್ರತಿ ಅಂಕಿಯನ್ನೂ ಎರಡೆರಡು ಸಲ ತಿದ್ದಿ.

ಡಬ್ಬಿಯ ಮುಚ್ಚಳ ಸೊಟ್ಟ,
ಮೊಣಕಾಲೂರಿ ಒತ್ತಬೇಕು.
ಒತ್ತಿದಳು. ತಲೆಯೆತ್ತಿ ಸೂರು ನೋಡಿದಳು,
ಸೋರುವ ಕಡೆಯಿಂದ ಡಬ್ಬಿಯನ್ನು
ಒಂದು ಮೊಳ ಆಚೆ ಸರಿಸಿದಳು.