ಒಂದು ನಿಮಿಷದ ಲೆಕ್ಕ

"ನಾಯಿ ಹಿಡೀರಿ!" ಅಂತ ಬೇಲಿಯಾಚೆಯಿಂದಲೇ ಕೂಗಿದೆ.
ಇಲ್ಲಿ ಬಾಗಿಲು ಬಡಿಯುವುದು ಹೀಗೆ,
ನಾಯಿ ಇರಲಿ, ಇಲ್ಲದಿರಲಿ.
ಉಲಾನ್‌ಬಾತರಿನ ಉತ್ತರದ ಗುಡ್ಡ, ಜನವರಿ,
ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಹಲಗೆಬೇಲಿಗಳ ನಡುವೆ ಕಲ್ಲಿದ್ದಲ ಹೊಗೆ
ಮೇಲೇಳಲೂ ಮೈಗಳ್ಳನಾಗಿ ಕೂತಿತ್ತು.

ಹೊಸ್ತಿಲು ತುಳಿಯದೆ ದಾಟಿದೆ.
ಉಣ್ಣೆಯ ದುಂಡು ಗುಡಾರ, ನಟ್ಟನಡುವೆ ಒಲೆ,
ಒಲೆಯ ಬದಿಗೆ ಅಜ್ಜಿ ತ್ಸೆಂದ್:
"ಬರೀ ನೆಗಡಿ ಕಣಮ್ಮ ಡಾಕ್ಟ್ರೇ,
ಕುರಿಬಾಲದ ಕೊಬ್ಬು ಚೀಪಿಸಿದ್ದೇನೆ."
ಹತ್ತು ತಿಂಗಳ ಕೂಸಿನ ಹಣೆಗೆ
ಒಲೆಯಿಂದಲೇ ಬಳಿದು ಇಟ್ಟ ಮಸಿಬೊಟ್ಟು.

ಅಂಗಿ ಎತ್ತಿ ಗಡಿಯಾರ ಒತ್ತಿದೆ.
ಹದಿನೇಳಕ್ಕೆ ಅಳು. ಲೆಕ್ಕ ಕೆಟ್ಟಿತು.
ಅಳುವ ಮಗುವಿನ ಉಸಿರು ಸುಳ್ಳು ಹೇಳುತ್ತದೆ.
ದುಲ್ಮಾ ಎದೆಗೆ ಹಾಕಿಕೊಂಡಳು. ಕಾದೆ.
ನನ್ನ ಉಪ್ಪುಚಹಾ ಕೆನೆಗಟ್ಟಿತು.
ಕೂಸು ತೂಕಡಿಸಿತು. ಮತ್ತೆ ಒತ್ತಿದೆ.

ನಿಮಿಷ ಎಷ್ಟು ಉದ್ದ ಅಂತ
ಕಾಯುವವರನ್ನು ಕೇಳಬೇಡಿ, ಎಣಿಸುವವರನ್ನು ಕೇಳಿ.
ಹೊಟ್ಟೆ ಏರಿತು, ಇಳಿಯಿತು,
ಇಳಿದದ್ದು ಪೂರ್ತಿ ಇಳಿಯುವ ಮೊದಲೇ ಏರಿತು.
ನಲವತ್ತೊಂಬತ್ತು, ಐವತ್ತು.
ಗೆರೆ ಇದ್ದದ್ದು ಅಲ್ಲಿ.
ಇನ್ನೂ ಹತ್ತು ಸೆಕೆಂಡು ಬಾಕಿ.

ಐವತ್ತೆಂಟು.

ಪಕ್ಕೆ ಒಳಕ್ಕೆ ಸೇದುತ್ತಿಲ್ಲ. ಹಾಲು ಕುಡಿಯುತ್ತಿದೆ.
ಕಾಲ್ಬೆರಳಿನ ಕೆಂಪು ದೀಪ ತೊಂಬತ್ಮೂರು ತೋರಿಸಿತು.
ಆಸ್ಪತ್ರೆ ಬೇಡ, ಇವತ್ತಿಗೆ.

ಹೆಸರು? ಎನೆಬಿಷ್.
ಅಂದರೆ, ‘ಇವನಲ್ಲ’.
ಹಿಂದಿನ ಚಳಿಗೆ ಒಂದು ಹೋಗಿತ್ತು,
ಸಾವು ತಿರುಗಿ ಬಂದು ವಿಳಾಸ ಕೇಳಿದರೆ
ಮನೆಮಂದಿಯೆಲ್ಲ ಒಂದೇ ಬಾಯಲ್ಲಿ ಹೇಳಬೇಕಲ್ಲ.
ಬರೆದೆ: ಎನೆಬಿಷ್. ನ್ಯುಮೋನಿಯಾ.
ಪಕ್ಕಪಕ್ಕದಲ್ಲಿ ಓದಿಕೊಂಡು ಪೆನ್ನು ಮುಚ್ಚಿದೆ.

ಹಣೆಯ ಮೇಲೆ ಕಾವಲು ನಿಂತ ಮಸಿಯೇ
ಎದೆಯೊಳಗೂ ಹೊಕ್ಕಿದೆ ಅಂತ
ಹೇಳಬೇಕೆಂದು ಬಾಯಿ ತೆರೆದೆ.
ಮೂವತ್ತೊಂದು ಕೆಳಗೆ.
ಒಲೆ ಆರಿಸಿ ಅನ್ನಲೇ?
ಕೊಳವೆಯ ಬಿರುಕಿಗೆ ಮಣ್ಣು ಮೆತ್ತಿ ಅಂದೆ, ಅಷ್ಟೇ.

ಮಾತ್ರೆ ಚಮಚದ ನೀರಲ್ಲಿ ನೊರೆಯಾಗಿ ಕರಗಿತು.
ಬೆಳಿಗ್ಗೆ, ಸಂಜೆ, ಐದು ದಿನ,
ನಕ್ಕರೂ ನಿಲ್ಲಿಸಬೇಡಿ.
ಹಾಲು ಬಿಟ್ಟರೆ, ಪಕ್ಕೆ ಗುಳಿಬಿದ್ದರೆ,
ಅಪರಾತ್ರಿಯಾದರೂ ಹೊರಡಿ.
ದುಲ್ಮಾಳ ಅಂಗೈಯನ್ನು ಕೂಸಿನ ಹೊಟ್ಟೆಯ ಮೇಲಿಟ್ಟು
ಎಣಿಸುವುದು ಕಲಿಸಿದೆ.
ಅಜ್ಜಿ ಮುಖ ತಿರುಗಿಸಿ ಸಗಣಿಬೆರಣಿ ಜೋಡಿಸುತ್ತಿದ್ದಳು.

ಮೂರನೆಯ ದಿನ ಫೋನು.
"ನಲವತ್ತೊಂದು ಡಾಕ್ಟರ್, ಮಲಗಿರುವಾಗ.
ಅಮ್ಮ ಮೂವತ್ತೊಂಬತ್ತು ಅಂತಾಳೆ.
ನೀನು ಎರಡೆರಡು ಸಲ ಎಣಿಸ್ತೀಯ ಅಂತ
ಬೆಳಗಿನಿಂದ ಜಗಳ."
ಹಿಂದೆ ತ್ಸೆಂದ್ ಗೊಣಗುವುದು ಕೇಳಿಸುತ್ತಿತ್ತು,
ಅದರ ಹಿಂದೆ ಕೂಸು ಏನನ್ನೋ ಬಡಿಯುವುದು.

ಎರಡನ್ನೂ ಬರೆದುಕೊಂಡೆ.